ಮೂರನೇ ಸಾಲಿನಿಂದ ಬಂದ ನಗು

ಕಳೆದ ತಿಂಗಳ ಸಿನಿಮಾ ಸಂಜೆಗೆ ನಮ್ಮ ಕೂಟದಲ್ಲಿ ‘ಕ್ಲೋಸ್’ ಹಾಕಿದ್ದೆವು. ಬೆಲ್ಜಿಯಂನ ಲುಕಾಸ್ ಧೋಂಟ್ ನಿರ್ದೇಶಿಸಿದ ಚಿತ್ರ. 2022ರ ಕಾನ್ ಚಿತ್ರೋತ್ಸವದಲ್ಲಿ ಗ್ರಾಂ ಪ್ರೀ ಪ್ರಶಸ್ತಿಯನ್ನು ಇನ್ನೊಂದು ಚಿತ್ರದ ಜೊತೆ ಹಂಚಿಕೊಂಡಿತ್ತು. ಪ್ರಶಸ್ತಿಯ ಮಾತೆತ್ತದೆ ಕೇಳಿದ್ದರೆ ಸಮಿತಿ ಒಪ್ಪುತ್ತಿತ್ತೋ ಇಲ್ಲವೋ, ಅದು ಬೇರೆ ವಿಚಾರ.

ಲಿಯೋ, ರೆಮಿ ಹದಿಮೂರರ ಹುಡುಗರು. ರಜೆಯಿಡೀ ಹೂವಿನ ಹೊಲದಲ್ಲಿ ಓಡಾಡುತ್ತಾರೆ, ರಾತ್ರಿ ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆ, ಒಬ್ಬನಿಗೆ ನಿದ್ದೆ ಬಾರದಿದ್ದರೆ ಇನ್ನೊಬ್ಬ ಕಥೆ ಕಟ್ಟಿ ಹೇಳುತ್ತಾನೆ. ಹೊಸ ಶಾಲೆ ಶುರುವಾಗುತ್ತದೆ. ತರಗತಿಯ ಹುಡುಗಿಯೊಬ್ಬಳು ಕೇಳಿಬಿಡುತ್ತಾಳೆ, ನೀವಿಬ್ಬರೂ ಜೋಡಿಯಾ ಅಂತ.

ನಮ್ಮ ಹಾಲ್‌ನಲ್ಲಿ ನಗು ಬಂದದ್ದು ಆಗ. ಮೂರನೇ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಪಕ್ಕದವರು ಸೇರಿಕೊಂಡರು, ಅದು ಹಿಂದಿನ ಸಾಲಿಗೂ ದಾಟಿತು. ಬೇರೆಯವರ ಮೇಲೇಕೆ ಹಾಕಲಿ, ನನ್ನ ತುಟಿಯೂ ಸ್ವಲ್ಪ ಬಿಚ್ಚಿತ್ತು. ಆಮೇಲೆ ಲಿಯೋ ಗೆಳೆಯನಿಂದ ದೂರ ಸರಿಯತೊಡಗುತ್ತಾನೆ. ಹುಲ್ಲಿನ ಮೇಲೆ ಮಲಗಿದ್ದಾಗ ರೆಮಿ ಎಂದಿನಂತೆ ಅವನ ಹೊಟ್ಟೆಯ ಮೇಲೆ ತಲೆಯಿಟ್ಟರೆ ಮೆಲ್ಲಗೆ ಜರುಗಿಕೊಳ್ಳುತ್ತಾನೆ. ಚಿತ್ರ ಮುಗಿಯುವ ಎಷ್ಟೋ ಮೊದಲೇ ರೆಮಿ ಈ ಲೋಕದಲ್ಲಿ ಇರುವುದಿಲ್ಲ. ದೀಪ ಹಾಕಿದಾಗ ಮೂರನೇ ಸಾಲಿನವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಚರ್ಚೆಗೆ ಅರ್ಧ ಗಂಟೆ ಇಟ್ಟಿದ್ದೆವು. ಹಾಲ್‌ನವರು ಬಂದು ಬಾಗಿಲು ಹಾಕಬೇಕು ಅನ್ನುವವರೆಗೂ ನಡೆಯಿತು.

ಮೊದಲು ಎದ್ದವರು ನಾವೆಲ್ಲ ಗೌರವಿಸುವ ಹಿರಿಯರು. “ಹಾಗಾದರೆ ಆ ಹುಡುಗ ಹಾಗೇನಾ, ಅಲ್ಲವಾ? ಡೈರೆಕ್ಟರು ಅದನ್ನೇ ಹೇಳಲಿಲ್ಲವಲ್ಲ!” ನಾಲ್ಕೈದು ತಲೆಗಳು ಹೌದೆಂದು ಆಡಿದವು. ಸಿನಿಮಾ ಅರ್ಧಕ್ಕೆ ನಿಂತಿತು ಅನ್ನುವಂಥ ಅಸಮಾಧಾನ. ನನಗನಿಸುವುದು, ಧೋಂಟ್ ಅದನ್ನು ಬೇಕೆಂದೇ ಬಿಟ್ಟಿದ್ದಾರೆ. ಆ ಹುಡುಗಿ ಕೇಳಿದ್ದು ಇದನ್ನೇ ಅಲ್ಲವೇ? ಅವಳೇನೂ ಕೆಟ್ಟವಳಲ್ಲ, ಕುತೂಹಲಕ್ಕೆ ಕೇಳಿದಳು. ಒಬ್ಬ ಹುಡುಗ ಸತ್ತದ್ದನ್ನು ನೋಡಿ ಎದ್ದ ಮೇಲೂ ನಮಗೆ ತಿಳಿಯಬೇಕಾಗಿದ್ದದ್ದು ಅವನು ಯಾವ ಜಾತಿಯವನು ಅನ್ನುವುದೇ.

ನಿರ್ದೇಶಕರಿಗೆ ದಾರಿ ತೋರಿಸಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞೆ ನಯೋಬಿ ವೇ ಅವರ ಅಧ್ಯಯನವಂತೆ, ಧೋಂಟ್ ಅವರೇ ಹೇಳಿಕೊಂಡಿದ್ದಾರೆ. ವೇ ಹದಿಹರೆಯದ ಹುಡುಗರನ್ನು ವರ್ಷ ವರ್ಷವೂ ಮಾತಾಡಿಸಿದವರು. ಹದಿಮೂರರಲ್ಲಿ ಹುಡುಗರು ಗೆಳೆಯನ ಬಗ್ಗೆ ‘ಅವನಿಲ್ಲದೆ ನನಗಾಗದು’ ಅನ್ನುವ ಧಾಟಿಯಲ್ಲಿ ಸಂಕೋಚವಿಲ್ಲದೆ ಮಾತಾಡುತ್ತಾರೆ. ಹದಿನೇಳು ಹದಿನೆಂಟಕ್ಕೆ ಬಂದರೆ ಆ ಮಾತೇ ಬತ್ತಿಹೋಗಿರುತ್ತದೆ. ಸಲಿಂಗಿ ಅಂದುಬಿಟ್ಟಾರು ಎಂಬ ಅಂಜಿಕೆ ಸಲಿಂಗಿಯಾದವನನ್ನು ಮಾತ್ರ ಕಾಡುವುದಲ್ಲ, ಪಕ್ಕದ ಬೆಂಚಿನವನ ಸ್ನೇಹವನ್ನೂ ತಿಂದುಹಾಕುತ್ತದೆ. ಹಿರಿಯರ ಪ್ರಶ್ನೆಗೆ ಉತ್ತರ ಇದ್ದರೆ ಇದೇ.

“ಇದೆಲ್ಲ ಪಶ್ಚಿಮದ ದೇಶಗಳ ರೋಗ, ನಮ್ಮಲ್ಲಿರಲಿಲ್ಲ” ಅಂತಲೂ ಒಂದು ಮಾತು ಬಂತು. ಬರದಿದ್ದರೆ ಆಶ್ಚರ್ಯ. ರೋಗಗಳ ಪಟ್ಟಿಯಿಂದ ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಕಾಮವನ್ನು ತೆಗೆದದ್ದು 1990ರ ಮೇ 17ರಂದು. ಆ ಕಡೆಯಿಂದ ನಮ್ಮಲ್ಲಿಗೆ ಬಂದದ್ದು ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ, ಬ್ರಿಟಿಷರ 1860ರ ದಂಡಸಂಹಿತೆಯ 377ನೇ ಕಲಂ. ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅದು ಅನ್ವಯಿಸದೆಂದು ಸುಪ್ರೀಂ ಕೋರ್ಟ್ ಹೇಳಲು 2018ರ ಸೆಪ್ಟೆಂಬರ್ 6 ಬರಬೇಕಾಯಿತು. ಅದಿರಲಿ, ನಮ್ಮಲ್ಲಿ ಇರಲೇ ಇಲ್ಲ ಅಂದರೆ ಬೈಗುಳ ಎಲ್ಲಿಂದ ಬಂತು? ಹೆಣ್ಣಿಗ ಅನ್ನುವುದನ್ನು ನಮಗೆ ಯಾವ ವಿದೇಶಿಯೂ ಕಲಿಸಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಬ್ಬರ ಆಕ್ಷೇಪಣೆ. “ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. ಏನೋ ಎರಡು ಮಾತು, ನಾಲ್ಕು ಜನ ನಕ್ಕರು. ಅಷ್ಟಕ್ಕೇ ಇಷ್ಟೊಂದಾ?”

ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಾಲಿ ಈ ‘ನಾಲ್ಕು ಜನ ನಕ್ಕರು’ ಅನ್ನುವುದನ್ನೇ ತೊಂಬತ್ತರ ದಶಕದಿಂದ ಅಭ್ಯಾಸ ಮಾಡಿದವರು. ಒಂದು ಮಗುವನ್ನು ಗೋಳು ಹೊಯ್ದುಕೊಳ್ಳುವಾಗ ತರಗತಿಯಲ್ಲಿ ಇರುವುದು ಇಬ್ಬರೇ ಅಲ್ಲ ಅಂತ ತೋರಿಸಿದರು. ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ನೋಡಿಯೂ ನೋಡದಂತಿರುವವರು, ಅಡ್ಡ ನಿಲ್ಲುವ ಒಬ್ಬರೋ ಇಬ್ಬರೋ. ಪೀಡಿಸುವವನಿಗೆ ಬೇಕಾದದ್ದು ಬಲಿಯಲ್ಲ, ಸಭೆ. ಅಲ್ಲಿನ ಸರ್ಕಾರದ ಬೆಂಬಲದಿಂದ ಅವರ ತಂಡ ರೂಪಿಸಿದ ‘ಕಿವಾ’ ಎಂಬ ಶಾಲಾ ಕಾರ್ಯಕ್ರಮ ಪೀಡಕನನ್ನು ತಿದ್ದುವುದರ ಜೊತೆಗೆ ಸಭೆಯನ್ನೂ ತಿದ್ದಲು ಹೊರಟದ್ದು.

ನಾನು ಅಂಥ ಸಭೆಯಲ್ಲಿ ಮೂರು ವರ್ಷ ಕೂತಿದ್ದೇನೆ. ಹೈಸ್ಕೂಲಿನಲ್ಲಿ ನಮ್ಮ ಜೊತೆ ಒಬ್ಬನಿದ್ದ. ದನಿ ಮೃದು, ಪುಸ್ತಕಗಳನ್ನು ಎದೆಗವಚಿಕೊಂಡು ಬರುತ್ತಿದ್ದ, ಅಕ್ಷರ ಮುತ್ತಿನಂತೆ. ಅವನಿಗೆ ಒಂಬತ್ತು ಅಂತ ಹೆಸರಿಟ್ಟಿದ್ದರು. ಆ ಅಂಕಿಗೆ ನಮ್ಮ ಕಡೆ ಇರುವ ಇನ್ನೊಂದು ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಗಣಿತದ ಮೇಷ್ಟ್ರು “ಮೂರರ ವರ್ಗ ಎಷ್ಟ್ರೋ?” ಅಂದರೆ ಸಾಕು, ಇಡೀ ಕ್ಲಾಸು ಅವನ ಕಡೆ ತಿರುಗಿ “ಒಂಬತ್ತು ಸಾರ್!” ಅನ್ನುತ್ತಿತ್ತು. ಮೇಷ್ಟ್ರೂ ಮೀಸೆಯಡಿ ನಗುತ್ತಿದ್ದರು. ಕೆಲವು ದಿನ ಅವರು ಆ ಲೆಕ್ಕವನ್ನು ಬೇಕೆಂದೇ ಕೇಳುತ್ತಿದ್ದರೇನೋ ಅಂತ ಈಗ ಅನುಮಾನ ಬರುತ್ತದೆ. ಅವನು ನೋಟ್‌ಬುಕ್ಕಿನ ಮೇಲೆ ಬಗ್ಗಿ ಅಂಚಿನ ಗೆರೆಯನ್ನು ಸ್ಕೇಲಿಟ್ಟು ಮತ್ತೆ ಮತ್ತೆ ತಿದ್ದುತ್ತಿದ್ದ, ಕಾಗದ ಹರಿಯುವಷ್ಟು. ನಾನು ಒಂದು ದಿನವೂ ಅವನನ್ನು ಆ ಹೆಸರಿನಿಂದ ಕರೆಯಲಿಲ್ಲ ಎಂದು ಎಷ್ಟೋ ಕಾಲ ಹೆಮ್ಮೆಪಟ್ಟುಕೊಂಡಿದ್ದೆ. ನಕ್ಕದ್ದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಕೊನೆಗೆ ತಾಯಿಯೊಬ್ಬರು, ಇಂಥದ್ದನ್ನು ಮಕ್ಕಳಿರುವಾಗ ಹಾಕಬಾರದಿತ್ತು ಅಂದರು. ಇದು ಹಳೆಯ ತಕರಾರು. ಲೀ ಹರ್ಷ್ ಅವರ ‘ಬುಲ್ಲಿ’ ಸಾಕ್ಷ್ಯಚಿತ್ರ ಅಮೆರಿಕದಲ್ಲಿ 2012ರಲ್ಲಿ ಬಿಡುಗಡೆಗೆ ಬಂದಾಗ, ಅದರಲ್ಲಿನ ಹೊಲಸು ಮಾತುಗಳಿಗಾಗಿ ‘ಆರ್’ ದರ್ಜೆ ಕೊಟ್ಟರು. ಹದಿನೇಳು ತುಂಬದವರು ದೊಡ್ಡವರಿಲ್ಲದೆ ನೋಡುವಂತಿಲ್ಲ. ಮಕ್ಕಳು ಶಾಲೆಯ ಬಸ್ಸಿನಲ್ಲಿ ದಿನವೂ ಕೇಳುವ ಮಾತನ್ನು ಪರದೆಯ ಮೇಲೆ ಕೇಳಿಸಿಕೊಳ್ಳಬಾರದು! ಲಕ್ಷಾಂತರ ಜನ ಸಹಿ ಹಾಕಿದ ಮೇಲೆ, ಒಂದೆರಡು ಮಾತು ಕತ್ತರಿಸಿ, ದರ್ಜೆ ಸಡಿಲಿಸಿದರು.

ಆದರೆ ಆ ತಾಯಿಯ ದಿಗಿಲನ್ನು ತಳ್ಳಿಹಾಕಲಾರೆ. ನೋಡಿದ ಮಗು ಮನೆಗೆ ಹೋಗಿ ಒಂಟಿಯಾಗಿ ಕೂತರೆ? ‘ಟ್ರೆವರ್’ ಎಂಬ ಕಿರುಚಿತ್ರ ಮಾಡಿದವರಿಗೂ ಇದೇ ಚಿಂತೆ ಹತ್ತಿತ್ತು. ಹದಿಮೂರರ ಹುಡುಗನ ಕಥೆ, 1994ರದ್ದು, ಆಸ್ಕರ್ ಕೂಡ ಬಂತು. ಅದು 1998ರಲ್ಲಿ ಟೀವಿಯಲ್ಲಿ ಬರುವುದೆಂದಾಗ, ನೋಡುತ್ತಾ ಕೂತ ಯಾವುದೋ ಮಗುವಿಗೆ ಆ ರಾತ್ರಿ ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ ಅಂತ ಸಹಾಯವಾಣಿ ಹುಡುಕಿದರು. ಇಂಥ ಮಕ್ಕಳಿಗೆಂದೇ ಹಗಲು ರಾತ್ರಿ ನಡೆಯುವಂಥದ್ದು ಇರಲಿಲ್ಲ. ತಾವೇ ಶುರು ಮಾಡಿದರು. ನಾವು ಸಿನಿಮಾ ಹಾಕಿದೆವು, ಕುರ್ಚಿ ಮಡಚಿದೆವು. ಒಂದು ಫೋನ್ ನಂಬರನ್ನೂ ಬಾಗಿಲಲ್ಲಿ ಅಂಟಿಸಿರಲಿಲ್ಲ. ಅದು ನನ್ನ ತಪ್ಪೂ ಹೌದು.

ಆ ತಾಯಿ ಮಾತು ಮುಗಿಸುವಷ್ಟರಲ್ಲಿ ಗೋಡೆಗೊರಗಿ ನಿಂತಿದ್ದ ಹುಡುಗನೊಬ್ಬ, “ಆಂಟಿ, ಇದ್ರಲ್ಲಿ ಕಮ್ಮಿ ತೋರ್ಸಿದಾರೆ” ಅಂದ. ಅವನ ಅಮ್ಮ ತಿರುಗಿ ನೋಡಿದರು. ಅವನು ಮತ್ತೆ ಮಾತಾಡಲಿಲ್ಲ.

ಅಂದು ರಾತ್ರಿ ಮನೆಗೆ ಬಂದು ಹೈಸ್ಕೂಲ್ ಗೆಳೆಯರ ವಾಟ್ಸಾಪ್ ಗುಂಪು ತೆರೆದೆ. ಮೂವತ್ತೆಂಟು ಜನ ಇದ್ದೇವೆ, ಅವನಿಲ್ಲ. ಅವನ ನಿಜವಾದ ಹೆಸರು ಬರೆದು, ಇವನ ನಂಬರ್ ಯಾರಲ್ಲಾದರೂ ಇದೆಯಾ ಅಂತ ಕೇಳಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: “ಯಾರು, ಒಂಬತ್ತಾ?” ಅದರ ಕೆಳಗೆ, ಬೆಳಗಾಗುವಷ್ಟರಲ್ಲಿ, ಹನ್ನೊಂದು ಜನ ನಕ್ಕಿದ್ದರು.