ಹುತ್ತರಿಗೆ ಹಾಡು ಬಿಡುಗಡೆ ಮಾಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಕೊಡವ ತಕ್ಕ್ (ಕೊಡವ ಭಾಷೆ), ಅರೆಭಾಷೆ ಹಾಡು ತರುವವರು ಅಪ್‌ಲೋಡ್‌ಗೆ ಮೊದಲೇ ಐಎಸ್‌ಆರ್‌ಸಿ ಸಂಖ್ಯೆ (ರೆಕಾರ್ಡಿಂಗ್ ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಪಡೆಯಿರಿ. ರೆಕಾರ್ಡಿಂಗ್ ಕಂಪನಿಗಳ ಸಂಘಟನೆ ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ ಭಾರತದಲ್ಲಿ ಇದನ್ನು ನೋಡಿಕೊಳ್ಳುತ್ತದೆ. ಹಾಡನ್ನು ಆನ್‌ಲೈನ್ ಆ್ಯಪ್‌ಗಳಿಗೆ ತಲುಪಿಸುವ ವಿತರಕರ ಮೂಲಕ ಹಾಕಿದರೆ ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಎರಡೂ ಕಡೆ ತೆಗೆದುಕೊಳ್ಳಬೇಡಿ, ಒಂದೇ ಹಾಡಿನ ಲೆಕ್ಕ ಎರಡಾಗಿ ಒಡೆಯುತ್ತದೆ. 12 ಅಕ್ಷರ-ಅಂಕಿಗಳ ಈ ಸಂಖ್ಯೆ ಆ ಒಂದು ರೆಕಾರ್ಡಿಂಗ್‌ಗೆ ಮಾತ್ರ. ವಿಡಿಯೊ, ರೀಮಿಕ್ಸ್‌ಗೆ ಬೇರೆ ಬೇರೆ.

ಸಾಹಿತ್ಯ, ಸಂಗೀತ ಸಂಯೋಜನೆಯ ರಾಯಧನ ಇದರಿಂದ ಬರುವುದಿಲ್ಲ. ಅದಕ್ಕೆ ಬರೆದವರ, ಸಂಯೋಜಕರ ರಾಯಧನ ಸಂಗ್ರಹಿಸುವ ಸಂಸ್ಥೆ ಐಪಿಆರ್‌ಎಸ್‌ನ ಸದಸ್ಯರಾಗಿ ಹಾಡನ್ನು ನೋಂದಾಯಿಸಬೇಕು. ಯಾರ ಪಾಲು ಎಷ್ಟು ಎಂದು ಮೊದಲೇ ಬರೆದು ಸಹಿ ಮಾಡಿಕೊಳ್ಳಿ, ಒಟ್ಟು ಶೇ. 100 ಆಗಲೇಬೇಕು. ಹಾಡಿದವರಿಗೆ ಗಾಯಕರ, ವಾದ್ಯಗಾರರ ರಾಯಧನ ನೋಡಿಕೊಳ್ಳುವ ಸಂಸ್ಥೆ ಇಸಾಮ್ರಾ ಬೇರೆಯೇ ಇದೆ.

ನಮ್ಮಲ್ಲಿ ಎಡವುವುದು ಹೆಸರಿನಲ್ಲಿ. ಮನೆತನದ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಬರೀ ಇನಿಷಿಯಲ್! ಹೀಗಾದರೆ ದುಡ್ಡು ನಿಲ್ಲುತ್ತದೆ. ಪಾನ್, ಬ್ಯಾಂಕ್ ಖಾತೆ, ಅರ್ಜಿ ಮೂರರಲ್ಲೂ ಒಂದೇ ಸ್ಪೆಲ್ಲಿಂಗ್ ಇರಲಿ. ಬಾಳೊಪಾಟ್ (ಕೊಡವರ ಸಾಂಪ್ರದಾಯಿಕ ಹಾಡು) ಹಾಡಿದವರು ರಚನೆ 'ಸಾಂಪ್ರದಾಯಿಕ' ಎಂದೇ ಬರೆಯಿರಿ, ವಾದ್ಯ ಸಂಯೋಜನೆಗೆ ಮಾತ್ರ ನಿಮ್ಮ ಹೆಸರು.

ಶನಿವಾರ ಸಂಜೆಯೊಳಗೆ ಹಾಡಿನ ಶೀರ್ಷಿಕೆ, ಬರೆದವರು, ಸಂಯೋಜಕರು, ಹಾಡಿದವರು, ಇಷ್ಟನ್ನು ಇಲ್ಲಿ ಹಾಕಿ. ಪಾನ್ ಫೋಟೊ ದಯವಿಟ್ಟು ಗುಂಪಿಗೆ ಬೇಡ.