ಒಂದೂವರೆ ಲೆಕ್ಕ

ಮಾಟುಂಗಾ, ಮುಂಬಯಿ

ಪ್ರೀತಿಯ ಮಾಷ್ಟ್ರೇ,

(ಹೀಗೆ ಕರೆದರೆ ನಿನಗೆ ಸಿಟ್ಟು. ಇರಲಿ.)

ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ಓದಿದ ಕೂಡಲೇ ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಫೋನಿನಲ್ಲಿ ನಮ್ಮಿಬ್ಬರದ್ದು ಗೊತ್ತುಂಟಲ್ಲ: ಮೊದಲು ನಿನ್ನ ಬೀಪಿ, ಆಮೇಲೆ ನನ್ನ ಸಕ್ಕರೆ, ಆಮೇಲೆ ಊರಿನಲ್ಲಿ ಯಾರು ಹೋದರು ಎಂಬ ಸುದ್ದಿ, ಅಷ್ಟಕ್ಕೆ ಮುಗಿಯಿತು. ಈ ಸಲ ನೀನು ಕೇಳಿದ್ದು ಹಾಗೆ ಮುಗಿಯುವಂಥದ್ದಲ್ಲ.

ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು, "ಸರ್, ರಕ್ತ ಹರಿಸದ ಧರ್ಮ ಒಂದಾದರೂ ಉಂಟಾ?" ಅಂತ ಕೇಳಿದನಂತೆ. ನೀನು ಬಾಯಿಗೆ ಬಂದಂತೆ "ನಮ್ಮದು" ಅಂದೆಯಂತೆ. ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲವಂತೆ. ನಮ್ಮದಲ್ಲದಿದ್ದರೆ ಪಾರ್ಸಿಗಳದ್ದಾದರೂ ಇರಬೇಕು, ನೀನು ಅವರ ಬಗಲಲ್ಲೇ ಇದ್ದಿ, ಹೇಳು ಎಂದು ಬರೆದಿದ್ದಿ.

ಮೊದಲು ನಿನ್ನ ಜೈನಧರ್ಮವನ್ನೇ ನೋಡುವ. ಕಾರ್ಕಳದ ಗೊಮ್ಮಟನ ಕಾಲಬುಡದ ಬಂಡೆಯಲ್ಲಿ ಕೂತು ನಾವಿಬ್ಬರೂ ಎಷ್ಟು ಕಡ್ಲೆ ತಿಂದಿಲ್ಲ! 1432ರಲ್ಲಿ ನಿಲ್ಲಿಸಿದ ಆ ಮೂರ್ತಿಯ ಕಥೆಯನ್ನು ನನಗೆ ಮೊದಲು ಹೇಳಿದ್ದು ನಿನ್ನ ಅಜ್ಜಿ. ಅಣ್ಣನನ್ನು ಹೊಡೆಯಲು ಎತ್ತಿದ ಕೈಯನ್ನು ಬಾಹುಬಲಿ ಇಳಿಸಲಿಲ್ಲ, ಅದೇ ಕೈಯಿಂದ ತನ್ನ ತಲೆಗೂದಲು ಕಿತ್ತುಕೊಂಡ ಅಂತ. ಇಂಥ ಕಥೆ ಬೇರೆ ಯಾರ ಹತ್ತಿರವೂ ಇಲ್ಲ ಎಂದು ನಾನು ಈಗಲೂ ನಂಬಿದ್ದೇನೆ. ಆದರೆ ಶ್ರವಣಬೆಳಗೊಳದಲ್ಲಿ ಅದೇ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯನ ಬಿರುದುಗಳು ಯಾವುವು ಮಾರಾಯ? ಸಮರಪರಶುರಾಮ, ರಣರಂಗಸಿಂಗ, ವೈರಿಕುಲಕಾಲದಂಡ. ಎಲ್ಲ ಯುದ್ಧದಲ್ಲಿ ಗಳಿಸಿದವು. ಇರುವೆ ಮೆಟ್ಟದ ಧರ್ಮದ ಸೇನಾಪತಿ ಅವನು.

ಅದು ಗಂಗರ ಯುದ್ಧ, ಜಿನನ ಯುದ್ಧವಲ್ಲ ಎಂದು ನೀನು ಹೇಳುತ್ತಿ. ಒಪ್ಪಿದೆ. ಆದರೆ ಆ ರಿಯಾಯಿತಿ ನಿನಗೆ ಕೊಟ್ಟರೆ ಉಳಿದವರಿಗೂ ಕೊಡಬೇಕಾಗುತ್ತದೆ. ಎಲ್ಲರೂ ಅದನ್ನೇ ಕೇಳುತ್ತಾರೆ: ಅದು ಸುಲ್ತಾನನದ್ದು, ಇಸ್ಲಾಮಿನದ್ದಲ್ಲ, ಅದು ಪೋರ್ತುಗೀಸರದ್ದು, ಏಸುವಿನದ್ದಲ್ಲ. ಕರ್ಬಲಾ, ಜೆರುಸಲೇಮ್, ಗೋವಾದ ಇಂಕ್ವಿಜಿಶನ್ ಎಲ್ಲ ಇಲ್ಲಿ ಬರೆದು ಕೂರುವುದಿಲ್ಲ. ಆ ಪಟ್ಟಿ ಈಗ ಪ್ರತಿಯೊಬ್ಬನ ಮೊಬೈಲಿನಲ್ಲೂ ಉಂಟು, ಬೆಳಗ್ಗೆ ಬೆಳಗ್ಗೆ ಯಾರಾದರೊಬ್ಬರು ಕಳಿಸಿಯೇ ಕಳಿಸುತ್ತಾರೆ.

ನಿನ್ನ ಕಡೆಯದ್ದು ಹೇಳಿ ನನ್ನ ಕಡೆಯದ್ದು ನುಂಗಿದರೆ ಆಗುತ್ತದಾ? ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ನಿನಗೆ ಗೊತ್ತಿರಬೇಕು. ಏಕಾಂತದ ರಾಮಯ್ಯ ಎಂಬ ಶಿವಭಕ್ತ ತನ್ನ ತಲೆ ಕಡಿದುಕೊಂಡು ಏಳು ದಿನದ ನಂತರ ಶಿವನ ಕೃಪೆಯಿಂದ ಅದನ್ನು ಮತ್ತೆ ಪಡೆದನಂತೆ. ಪಂದ್ಯ ಕಟ್ಟಿದ ಜೈನರು ಮಾತು ತಪ್ಪಿದರಂತೆ. ಅವನು ಜಿನಬಿಂಬ ಒಡೆದನಂತೆ. ದೂರು ಹೋದಾಗ ರಾಜ ಬಿಜ್ಜಳ ಅವನಿಗೇ ಜಯಪತ್ರ ಕೊಟ್ಟನಂತೆ. ತಲೆ ಮತ್ತೆ ಕೂತಿತೋ ಇಲ್ಲವೋ, ಆ ಚರ್ಚೆ ನನಗೆ ಬೇಡ. ಒಡೆದದ್ದನ್ನು ಮುಚ್ಚಿಡಲಿಲ್ಲ, ಹೆಮ್ಮೆಯಿಂದ ಕಲ್ಲಿನಲ್ಲಿ ಕೊರೆಸಿದರು, ಅದು ನನ್ನನ್ನು ಕಾಡುವುದು. ಇನ್ನು 1368ರ ಬುಕ್ಕರಾಯನ ಶಾಸನ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಭೇದವಿಲ್ಲ ಎಂದು ಸಾರಿದ ಕಥೆಯನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅದರ ಮುಂದಿನ ಸಾಲು ಯಾವ ಮಾಷ್ಟ್ರೂ ಹೇಳಲಿಲ್ಲ: ಬೆಳಗೊಳದ ದೇವರ ಕಾವಲಿಗೆ ವೈಷ್ಣವರು ಇಪ್ಪತ್ತು ಆಳುಗಳನ್ನು ನೇಮಿಸಬೇಕು, ಅದರ ಖರ್ಚಿಗೆ ಜೈನರು ವರ್ಷಕ್ಕೆ ಮನೆಗೊಂದು ಹಣ ಕೊಡಬೇಕು. ನೋಡು, ಪೆಟ್ಟು ತಿನ್ನದೆ ಇರಲು ಕಾಸೂ ಅವರದ್ದೇ! ಆದರೂ ಆ ಕಾಲಕ್ಕೆ ಅದು ದೊಡ್ಡ ನ್ಯಾಯವೇ ಅನ್ನು.

ಈಗ ಪಾರ್ಸಿಗಳ ವಿಷಯ. ನಮ್ಮ ಹೋಟೆಲಿಗೆ ಫೈವ್ ಗಾರ್ಡನ್ಸ್ ಕಡೆಯಿಂದ ಒಬ್ಬ ಮುದುಕ ಬಾವಾಜಿ ವರ್ಷಗಟ್ಟಲೆ ಕಾಫಿಗೆ ಬರುತ್ತಿದ್ದರು. ಸಕ್ಕರೆ ಚಮಚ ಎತ್ತಿದಾಗಲೆಲ್ಲ ಸಂಜಾಣದ ಕಥೆ ಗ್ಯಾರಂಟಿ. ಇರಾನಿನಿಂದ ಓಡಿ ಬಂದವರಿಗೆ ಗುಜರಾತಿನ ರಾಜ ತುಂಬಿದ ಹಾಲಿನ ಪಾತ್ರೆ ತೋರಿಸಿ ಜಾಗವಿಲ್ಲ ಎಂದನಂತೆ, ಇವರು ಅದಕ್ಕೆ ಸಕ್ಕರೆ ಹಾಕಿ ತೋರಿಸಿದರಂತೆ. "ನಾವು ದಂಗೆ ಎದ್ದದ್ದು ಒಂದೇ ಸಲ, ಅದೂ ನಾಯಿಗೋಸ್ಕರ" ಎಂದು ನಗುತ್ತಿದ್ದರು. 1832ರ ಮಾತು ಅದು. ಕಂಪೆನಿ ಸರಕಾರ ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ಕೋಟೆಯೊಳಗಿನ ಪಾರ್ಸಿಗಳು ಅಂಗಡಿ ಮುಚ್ಚಿ ಬೀದಿಗಿಳಿದರು. ಅವರಲ್ಲಿ ಶವಕ್ಕೆ ನಾಯಿಯ ದೃಷ್ಟಿ ಬೀಳಬೇಕೆಂಬ ವಿಧಿ ಉಂಟು, ನಾಯಿ ಅವರಿಗೆ ಪವಿತ್ರ. ಆದರೆ ಬಾವಾಜಿ 1921 ಮರೆತಿದ್ದರು. ಬ್ರಿಟಿಷ್ ಯುವರಾಜ ಬಂದಿಳಿದ ದಿನ ಸ್ವಾಗತಕ್ಕೆ ಹೋದ ಪಾರ್ಸಿಗಳ ಮೇಲೆ ಅಸಹಕಾರದವರು ಬಿದ್ದರು. ಆಮೇಲೆ ಪಾರ್ಸಿಗಳೂ ತಿರುಗಿಬಿದ್ದು ಖಾದಿ ಟೋಪಿ ಕಂಡವರಿಗೆ ಬಾರಿಸಿದರು. ಎರಡು ದಿನದಲ್ಲಿ ಕಂಡ ಸ್ವರಾಜ್ಯ ಮೂಗಿಗೆ ನಾರುತ್ತಿದೆ ಎಂದು ಗಾಂಧೀಜಿ ಉಪವಾಸ ಕೂತರು.

ಅದು ಬಿಡು, ಗಲಾಟೆ. ಪಾರ್ಸಿಗಳ ಧರ್ಮ ಇರಾನಿನಲ್ಲಿ ಸಿಂಹಾಸನದ ಬಗಲಲ್ಲಿ ಕೂತಿದ್ದಾಗ ಹೇಗಿತ್ತು? ಮೂರನೇ ಶತಮಾನದಲ್ಲಿ ಕಾರ್ತೀರ್ ಎಂಬ ಮಹಾಪುರೋಹಿತನಿದ್ದ. ತನ್ನ ಸಾಧನೆಯನ್ನು ಕಲ್ಲಿನಲ್ಲಿ ಕೊರೆಸಿದ್ದಾನೆ (ಇವನೂ ಕಲ್ಲಿನಲ್ಲಿ!). ಯೆಹೂದಿಗಳು, ಬೌದ್ಧರು, ಬ್ರಾಹ್ಮಣರು, ಕ್ರೈಸ್ತರು, ಮಾನಿ ಎಂಬ ಪ್ರವಾದಿಯ ಪಂಥದವರು, ಎಲ್ಲರನ್ನೂ ದೇಶದಲ್ಲಿ ಬಡಿದು ಹಾಕಲಾಯಿತು ಅಂತ. ಆ ಮಾನಿ ಸಂಕೋಲೆಯಲ್ಲೇ ಸತ್ತ. ಅದೇ ಬೆಂಕಿ, ಅದೇ ಮಂತ್ರ. ಸಿಂಹಾಸನ ಹೋದ ಮೇಲೆ ಹಾಲಿಗೆ ಸಕ್ಕರೆಯಾಯಿತು. ಬಾವಾಜಿಗೆ ನಾನಿದನ್ನು ಹೇಳಲಿಲ್ಲ. ಎಂಬತ್ತು ದಾಟಿದವರ ಕಾಫಿ ಯಾಕೆ ಕಹಿ ಮಾಡುವುದು.

ಬೌದ್ಧರ ಬಗ್ಗೆ ಬರೆಯಲು ನನಗೆ ಹಿಂಜರಿಕೆ. ಪ್ರತಿ ಡಿಸೆಂಬರ್ 6ಕ್ಕೆ ದಾದರಿನ ಚೈತ್ಯಭೂಮಿಗೆ ಬರುವವರನ್ನು ನೀನು ಒಮ್ಮೆ ನೋಡಬೇಕು. ಬಿಳಿ ಸೀರೆ, ಕೈಯಲ್ಲಿ ಚಪಾತಿ ಗಂಟು, ಸೊಂಟದಲ್ಲಿ ಮಗು. 1956ರಲ್ಲಿ ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡು ಎರಡು ತಿಂಗಳೂ ತುಂಬದೆ ಅಂಬೇಡ್ಕರ್ ಹೋದರು. ಸಾವಿರಾರು ವರ್ಷ ನಾವು ಕೊಟ್ಟ ಪೆಟ್ಟಿನಿಂದ ಹೊರಗೆ ಬರಲು ಅವರು ತೋರಿಸಿದ ಬಾಗಿಲು ಅದು. ಆ ಜನರೆದುರು ನಿಂತು "ನಿಮ್ಮದೂ ಅಷ್ಟೇ" ಎಂದು ಹೇಳುವ ಬಾಯಿ ನನ್ನದಲ್ಲ. ಎಲ್ಲ ಧರ್ಮವೂ ಒಂದೇ ಎನ್ನುವವರಿಗೆ ನನ್ನ ತಕರಾರು ಇದೇ: ಹೊಡೆದವನೂ ಹೊಡೆಸಿಕೊಂಡವನೂ ಒಂದೇ ತಕ್ಕಡಿಯಲ್ಲಿ ತೂಗಿ ಹೋಗುತ್ತಾರೆ.

ಆದರೆ 1959ರಲ್ಲಿ ಸಿಂಹಳದ ಪ್ರಧಾನಿ ಬಂಡಾರನಾಯಕೆಗೆ ಗುಂಡು ಹೊಡೆದವನು ಕಾವಿ ಉಟ್ಟ ಭಿಕ್ಷು. 2017ರಲ್ಲಿ ಬರ್ಮಾದಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿದರು, ಅದಕ್ಕೆ ಮುಂಚೆ ಅವರ ಮೇಲೆ ವಿಷ ಕಕ್ಕುತ್ತಿದ್ದವರಲ್ಲಿ ಭಿಕ್ಷುಗಳೂ ಇದ್ದರು.

ಇದಕ್ಕಿಂತ ಹಳೆಯದೊಂದು ಕಥೆ ಲಂಕೆಯ ಬೌದ್ಧರ ಹಳೆಯ ಚರಿತ್ರೆ ಮಹಾವಂಸದಲ್ಲಿದೆ. ನಿನ್ನ ಪತ್ರ ಓದುವಾಗ ನನಗೆ ನೆನಪಾದದ್ದು ಅದೇ. ದುಟ್ಠಗಾಮಣಿ ಎಂಬ ರಾಜ ತಮಿಳು ರಾಜ ಎಳಾರನನ್ನು ಗೆದ್ದು ಲಂಕೆಯನ್ನು ಒಂದು ಮಾಡುತ್ತಾನೆ. ಅರಮನೆ, ನರ್ತಕಿಯರು, ಸುಗಂಧದ ದೀಪ, ಎಲ್ಲ ಇದ್ದೂ ಅವನಿಗೆ ಸಮಾಧಾನವಿಲ್ಲ. ಸತ್ತವರ ನೆನಪು. ಇದನ್ನರಿತು ಎಂಟು ಮಂದಿ ಅರ್ಹಂತರು (ಮುಕ್ತಿ ಪಡೆದ ಭಿಕ್ಷುಗಳು) ರಾತ್ರಿ ಬಂದು ಸಂತೈಸುತ್ತಾರೆ: ರಾಜಾ, ನಿನ್ನಿಂದ ಸತ್ತವರು ಒಂದೂವರೆ ಮನುಷ್ಯರು ಮಾತ್ರ. ಒಬ್ಬ ತ್ರಿಶರಣ ಮಾತ್ರ ತೆಗೆದುಕೊಂಡವನು, ಅವನು ಅರ್ಧ; ಮತ್ತೊಬ್ಬ ಪಂಚಶೀಲವನ್ನೂ ಹಿಡಿದವನು, ಅವನು ಪೂರ್ತಿ. ಉಳಿದವರು ಪಶುಗಳಿಗೆ ಸಮ.

ಒಂದೂವರೆ! ಆ ಸಂಕಟ ಅವನಿಗೆ ಎಲ್ಲಿಂದ ಬಂತು ಹೇಳು? ಬುದ್ಧನ ಮಾತು ಕಿವಿಗೆ ಬಿದ್ದದ್ದರಿಂದಲೇ ಬಂತು. ಅದನ್ನು ಕಿತ್ತುಕೊಂಡು ಹೋದವರೂ ಬುದ್ಧನ ಕಡೆಯವರೇ. ಕೊಲ್ಲು ಎಂದು ಹೇಳಿದ್ದಕ್ಕಿಂತ, ಕೊಂದು ಬಂದವನಿಗೆ ಲೆಕ್ಕ ಸರಿ ಮಾಡಿ ಕೊಟ್ಟದ್ದೇ ಹೆಚ್ಚು ಅನಿಸುತ್ತದೆ ನನಗೆ. ನಿನ್ನ ಹುಡುಗ ಕೇಳಿದ್ದು ಯಾವ ಧರ್ಮದಲ್ಲಿ ರಕ್ತವಿಲ್ಲ ಎಂದು. ನನಗೆ ಕಾಡುವುದು, ಯಾವ ಧರ್ಮ ತನ್ನವನಿಗೆ ರಾತ್ರಿ ನಿದ್ದೆ ಬರಿಸುತ್ತದೆ ಎಂಬುದು. ಅದಕ್ಕೇ ನಿನಗೆ ನಿದ್ದೆ ಬರಲಿಲ್ಲ ಎಂದು ಓದಿ ನನಗೆ ಒಳಗೊಳಗೆ ಖುಷಿಯಾಯಿತು, ಬೇಜಾರು ಮಾಡಬೇಡ.

ಈಗ ಒಂದು ಮಾತು ಹೇಳುತ್ತೇನೆ. ನಿನಗೂ ಇದುವರೆಗೆ ಹೇಳಿಲ್ಲ.

1993ರ ಜನವರಿಯಲ್ಲಿ ನನಗೆ ಇಪ್ಪತ್ತು. ರಾತ್ರಿ ಶಾಲೆ ಮುಗಿಸಿ ಮಾಣಿ ಕೆಲಸದಿಂದ ಗಲ್ಲಾಕ್ಕೆ ಬಡ್ತಿಯಾಗಿ ಹೆಚ್ಚು ದಿನವಾಗಿರಲಿಲ್ಲ. ಬೆಳಗ್ಗೆ ಐದಕ್ಕೆ ಸೈಕಲಿನಲ್ಲಿ ಪಾವ್ ತರುವವನೊಬ್ಬನಿದ್ದ, ಉತ್ತರದ ಕಡೆಯ ಮುಸಲ್ಮಾನ. ಪಾವಿನ ಲಾದಿಗಳನ್ನು (ಅಂಟಿಕೊಂಡ ಪಾವುಗಳ ಹಲಗೆ) ಎಣಿಸಿ ಕೊಟ್ಟ ಮೇಲೆ ಬಿಸಿ ಪಾವ್ ಒಂದನ್ನು ಕಾಗದದಲ್ಲಿ ಸುತ್ತಿ ಗಲ್ಲಾದ ಮೇಲೆ ನನಗೆಂದು ಇಡುತ್ತಿದ್ದ. ಬಾಬ್ರಿ ಮಸೀದಿ ಬಿದ್ದ ಮೇಲಿನ ಡಿಸೆಂಬರಿನ ಗಲಾಟೆಯಲ್ಲೂ ನಾಲ್ಕು ದಿನ ತಪ್ಪಿಸಿ ಮತ್ತೆ ಬಂದಿದ್ದ. ಜನವರಿಯಲ್ಲಿ ಕರ್ಫ್ಯೂ, ಶಟರ್ ಎಳೆದು ಒಳಗೆ ಕೂತೆವು. ಧಾರಾವಿ ಕಡೆ ಹೊಗೆ ಕಾಣುತ್ತಿತ್ತು. ಉತ್ತರಕ್ಕೆ ಹೋಗುವ ರೈಲುಗಳಲ್ಲಿ ಕಾಲಿಡಲು ಜಾಗವಿಲ್ಲ ಎಂದು ಕೇಳಿದೆವು. ಹೋಟೆಲು ತೆರೆದಾಗ ಪಾವ್ ತಂದವನು ಬೇರೆಯವನು. ಹಳಬನ ಬಾಕಿ 412 ರೂಪಾಯಿ ಇತ್ತು. "ಕೇಳಲು ಬಂದರೆ ಕೊಡುವ" ಎಂದರು ಧಣಿ. ಕೆಟ್ಟವರಲ್ಲ ಅವರು.

ಮಾರ್ಚ್ 12ಕ್ಕೆ ಬಾಂಬುಗಳು. ಪ್ಲಾಝಾ ಥಿಯೇಟರಿನ ಶಬ್ದಕ್ಕೆ ನಮ್ಮ ಗಾಜಿನ ಬರಣಿ ನಡುಗಿತು. ಊರಿಡೀ 257 ಜನ ಸತ್ತರು. ಆ ರಾತ್ರಿ ಅಡುಗೆಮನೆಯಲ್ಲಿ ಯಾರೋ ಅಂದರು, "ಇನ್ನು ಆ ಪಾವಿನವನಿಗೆ ಬಾಕಿ ಕೊಡುವುದು ಬೇಡ." ಯಾರೂ ಎದುರು ಮಾತಾಡಲಿಲ್ಲ. ಧಣಿ ನನ್ನ ಮುಖ ನೋಡಿದರು. ನಾನು ಪುಸ್ತಕ ತೆಗೆದು ಅವನ ಖಾತೆಗೆ ಗೆರೆ ಎಳೆದೆ. ಬಾಂಬಿಗೂ ಅವನಿಗೂ ಏನು ಸಂಬಂಧ ಅಂತ ಆಗ ತಲೆಗೇ ಬರಲಿಲ್ಲ ಎಂದರೆ ಸುಳ್ಳಾದೀತು. ಬಂದಿತ್ತು. ಗೆರೆ ಎಳೆದು ಮಲಗಿದೆ, ಒಳ್ಳೆಯ ನಿದ್ದೆಯೂ ಬಂತು.

ಶ್ರೀಕೃಷ್ಣ ಆಯೋಗದ ವರದಿ 1998ರಲ್ಲಿ ಬಂತಲ್ಲ. ಆ ಎರಡು ತಿಂಗಳ ಗಲಭೆಯಲ್ಲಿ ಸತ್ತವರು 900: ಮುಸಲ್ಮಾನರು 575, ಹಿಂದೂಗಳು 275, ಇತರರು 5, ಗುರುತು ತಿಳಿಯದವರು 45. ನಮ್ಮ ಪಾವಿನವನು ಊರು ಸೇರಿ ಮೊಮ್ಮಕ್ಕಳನ್ನು ಆಡಿಸುತ್ತಿರಲೂಬಹುದು. ಈ ಲೆಕ್ಕದಲ್ಲಿ ಎಲ್ಲಾದರೂ ಇರಲೂಬಹುದು. ಹುಡುಕುವ ಅಂದರೆ ಹೆಸರು ಬೇಕಲ್ಲ ಮಾರಾಯ? ನಮ್ಮ ಪುಸ್ತಕದಲ್ಲಿ ಬರೆದದ್ದು "ಪಾವಿನವ" ಎಂದು ಮಾತ್ರ. ಬರೆದ ಅಕ್ಷರವೂ ನನ್ನದೇ.

ಇದನ್ನು ಕ್ಲಾಸಿನಲ್ಲಿ ಹೇಳಬೇಕಾಗಿಲ್ಲ. ಆದರೆ ಆ ಹುಡುಗನಿಗೆ "ನಮ್ಮದು" ಎಂದದ್ದನ್ನು ಹಿಂದೆ ತೆಗೆದುಕೊಂಡೆಯಾ, ಅವನು ಏನೆಂದ, ಬರಿ. ಮಳೆ ನಿಂತ ಮೇಲೆ ಊರಿಗೆ ಬರುತ್ತೇನೆ. ಬೆಟ್ಟ ಹತ್ತಲು ನನ್ನ ಮೊಣಗಂಟು ಒಪ್ಪುತ್ತದೋ ನೋಡಬೇಕು.

ನಿನ್ನವನೇ,
ಗಲ್ಲಾದಲ್ಲಿ ಕೂತವ