ಕೀಲಿ ತಿರುಗಿಸಿದ್ದೆ

ಪ್ರಿಯ ಗೆಳೆಯ,

ಕಾರವಾರದಿಂದ ನಮಸ್ಕಾರ. ಇಲ್ಲಿ ಮಳೆ ಇನ್ನೂ ಹಿಡಿದುಕೊಂಡೇ ಇದೆ. ಹಿತ್ತಿಲ ಬಾಗಿಲು ಉಬ್ಬಿ ಕೂತು, ಒದ್ದರೂ ಮುಚ್ಚಿಕೊಳ್ಳುತ್ತಿಲ್ಲ. ಈ ಪತ್ರವನ್ನು ಲಕೋಟೆಗೆ ಹಾಕಿ ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ಕಾರಿನಲ್ಲಿ ಲಡಾಖಿಗೆ ಹೋಗಿಬಂದ ಫೋಟೊಗಳನ್ನು ನಾಲ್ಕು ಜನರೆದುರು ಹಾಕಿ ಮೆರೆದವನು ತಪ್ಪೊಪ್ಪಿಗೆಯನ್ನು ಮಾತ್ರ ಅಂಟು ಹಚ್ಚಿ ಕಳಿಸುವುದು ನ್ಯಾಯವಲ್ಲ ಎನಿಸಿತು. ಓದುವ ಉಳಿದವರಿಗೆ ಬನವಾಸಿ ಬಸ್ಸಿನ ಛತ್ರಿಯ ವಿಷಯ ಅರ್ಥವಾಗದಿದ್ದರೆ ಅದು ಅವರ ಪುಣ್ಯ.

ಕಳೆದ ವಾರ ನಿಮ್ಮ ಮನೆಗೆ ಬಂದಾಗ ನೀನು ಅಂಗಳದಲ್ಲಿ, ಮಳೆಯ ಹೊಳವು ಸಿಗದೆ ತಡವಾಗಿದ್ದ, ಅಡಿಕೆಗೆ ಹೊಡೆಯುವ ಎರಡನೇ ಮದ್ದಿನ ತಯಾರಿಯಲ್ಲಿದ್ದೆ. ಮೈಲುತುತ್ತದ ನೀಲಿ ನೀರನ್ನು ಸುಣ್ಣದ ಹಾಲಿಗೆ ಸುರಿದು, ಕೋಲಿನಿಂದ ತಿರುವಿ, ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದು ಬೆಳಕಿಗೆ ಹಿಡಿದೆ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡಿತು. ಸುಣ್ಣ ಸಾಲದೆಂದು ಇನ್ನೊಂದು ಚೊಂಬು ಸುರಿಯುತ್ತ, ನನ್ನ ಕಡೆ ನೋಡದೆಯೇ ಕೇಳಿದೆ: "ಗಾಡಿ ನೀರಲ್ಲಿ ನಿಂತಾಗ ಕೀಲಿ ತಿರುಗಿಸಿದ್ಯನಾ?" ನಾನು "ಛೆ, ಇಲ್ಲಪ್ಪ" ಎಂದೆ. ನೀನು ಅಲಗನ್ನು ಮತ್ತೆ ಅದ್ದಿದೆ. ಈ ಸಲ ಕೆಂಪು ಬರಲಿಲ್ಲ. ನನ್ನನ್ನು ಹಾಗೆ ಅದ್ದಿ ತೆಗೆದಿದ್ದರೆ ಹಿಡಿಯವರೆಗೂ ಕೆಂಪಾಗಿರುತ್ತಿದ್ದೆ. ತಿರುಗಿಸಿದ್ದೆ, ಮಾರಾಯ. ಒಂದಲ್ಲ, ಎರಡು ಸಲ.

ಮೊದಲಿನಿಂದ ಹೇಳುತ್ತೇನೆ. 1998ರಲ್ಲಿ ಧಾರವಾಡದ ಹಾಸ್ಟೆಲಿನ ಗೋಡೆಗೆ ಭೂಪಟ ಅಂಟಿಸಿ, ಶಿರಸಿಯಿಂದ ಲೇಹ್‌ವರೆಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದವನು ನೀನು. ಮನಾಲಿಯ ಮೇಲೆ 3,978 ಮೀಟರ್ ಎತ್ತರದ ರೋಹ್ತಾಂಗ್ ಘಾಟಿಯನ್ನು ನಮ್ಮ ಮೊದಲ ಯುದ್ಧವೆಂದು ಗುರುತು ಹಾಕಿದ್ದೆ. ಆ ಯುದ್ಧ ಈಗ ಇಲ್ಲ. 2020ರ ಅಕ್ಟೋಬರಿನಲ್ಲಿ ತೆರೆದ ಅಟಲ್ ಸುರಂಗ ಅದರ ಅಡಿಯಲ್ಲಿ 9 ಕಿಲೋಮೀಟರ್ ಕೊರೆದುಕೊಂಡು ಹೋಗುತ್ತದೆ. ಈಚೆ ಬಾಯಿಯಲ್ಲಿ ದೇವದಾರು, ಮಂಜು, ತೊಟ್ಟಿಕ್ಕುವ ಬಂಡೆ. ಆಚೆ ಬಾಯಿಯಲ್ಲಿ ಬೋಳು ಗುಡ್ಡ, ಉರಿಬಿಸಿಲು. ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವಾಗ ಎರಡೂವರೆ ತಾಸಿನಲ್ಲಿ ಮರಗಳು ಮೆಲ್ಲನೆ ಕುಳ್ಳಾಗಿ ಬಯಲಾಗುವುದನ್ನು ನಾವು ನೋಡಿದ್ದೇವಲ್ಲ, ಅಲ್ಲಿ ಅದೇ ಕೆಲಸ ಬರೀ ಕಾಲು ಗಂಟೆಯಲ್ಲಿ ಮುಗಿದುಹೋಗುತ್ತದೆ. ಲೇಹ್‌ನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ನಮ್ಮ ಕಾರವಾರದಲ್ಲಿ ಜುಲೈ ತಿಂಗಳಲ್ಲಿ ಅಷ್ಟನ್ನು ಒಂದೇ ದಿನದಲ್ಲಿ ಸುರಿದು ಮುಗಿಸುವುದುಂಟು. ಬಣ್ಣದ ಪತಾಕೆಗಳನ್ನೂ ಬೌದ್ಧ ಮಠಗಳನ್ನೂ ಕಂಡು ಉಳಿದ ಪ್ರವಾಸಿಗಳು ಬೆರಗಾಗುತ್ತಿದ್ದರು. ನಮಗೆ ಮಾತ್ರ ಮುಂಡಗೋಡಿನ ಟಿಬೆಟಿಯನ್ ಕಾಲನಿಗೆ ಬಂದಂತಾಗಿ, ಸ್ವೆಟರ್ ಕೊಂಡು ಸಂಜೆಯ ಬಸ್ಸಿಗೆ ಮನೆಗೆ ಹೋಗಬಹುದೇನೋ ಎನ್ನುವ ಧೈರ್ಯ.

ಧೈರ್ಯ ಸುರಂಗದಾಚೆಯ ತಾಂಡಿ ಎಂಬ ಊರಿನವರೆಗೆ ಇತ್ತು. ಮುಂದಿನ ಪೆಟ್ರೋಲ್ ಬಂಕ್ 365 ಕಿಲೋಮೀಟರ್ ದೂರ ಎನ್ನುವ ಅಲ್ಲಿಯ ಪ್ರಸಿದ್ಧ ಫಲಕದ ಮುಂದೆ ಕೆಎ 31 ಗಾಡಿ ನಿಲ್ಲಿಸಿ, ಬಾನೆಟ್ ಮೇಲೆ ಕೈಯಿಟ್ಟು ನಾನು ನಿಂತ ಫೋಟೊ ನೀನೂ ನೋಡಿದ್ದೀಯ. ಅದಕ್ಕೆ ನೀನು ಹಾಕಿದ ಹೆಬ್ಬೆರಳು ಇನ್ನೂ ಚುಚ್ಚುತ್ತಿದೆ.

ಆ ದಾರಿಯ ಮುಖ್ಯ ಪಾಠ ಬಲು ಸರಳ. ಮೇಲಿನ ಹಿಮ ಬಿಸಿಲಿಗೆ ಕರಗಿ, ನೀರು ಹಳ್ಳವಾಗಿ ರಸ್ತೆಯ ಮೇಲೆಯೇ ಹರಿಯುತ್ತದೆ. ಬೆಳಿಗ್ಗೆ ಪಾದ ನೆನೆಯುವಷ್ಟಿದ್ದದ್ದು ಮಧ್ಯಾಹ್ನ ಮೂರರ ಹೊತ್ತಿಗೆ ಮೊಣಕಾಲಿಗೆ ಬರುತ್ತದೆ. ಆದ್ದರಿಂದ ಲಾರಿಯವರು ನಸುಕಿಗೇ ಎದ್ದು ದಾಟುತ್ತಾರೆ. ನಾವು ಮನಾಲಿಯಲ್ಲಿ ಆಲೂ ಪರಾಠಾ ತಿಂದು, ತಾಂಡಿಯಲ್ಲಿ ಫೋಟೊ ತೆಗೆದು, ಜಿಂಗ್‌ಜಿಂಗ್‌ಬಾರ್ ದಾಟಿ ಹಳ್ಳದ ಮುಂದೆ ನಿಂತಾಗ ಮೂರೂವರೆ ಆಗಿತ್ತು. ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು. ಪಕ್ಕದಲ್ಲಿ ಭಾವಮೈದುನ, ಹಿಂದೆ ಅವನ ಆಫೀಸಿನ ಇಪ್ಪತ್ತನಾಲ್ಕರ ಹುಡುಗ. ಇಳಿದು ನೀರಿನ ಆಳ ನೋಡೋಣವೆಂದು ಹುಡುಗ ಹೇಳಿದ. ನಮ್ಮೂರಿನಲ್ಲಿ ಇಂಥ ಹಳ್ಳ ಎಷ್ಟೋ ನೋಡಿದ್ದೇನೆ ಎಂದು ನಾನು ನಕ್ಕೆ. ಸುಳ್ಳಲ್ಲ, ನೋಡಿದ್ದೇನೆ, ಆದರೆ ದಾಟಿಸಿದವನು ಪ್ರತಿ ಸಲವೂ ನೀನು, ನಾನು ಪಕ್ಕದ ಸೀಟಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಕೂತವನು.

ನಡುವೆ ಎಡಚಕ್ರ ಎರಡು ಗುಂಡುಕಲ್ಲುಗಳ ನಡುವೆ ಸಿಕ್ಕಿಬಿತ್ತು, ಇಂಜಿನ್ ನಿಂತಿತು, ಬಾಗಿಲ ಸಂದಿಯಿಂದ ನೀರು ಒಳಗೆ ಬಂತು. ನಿಂತ ಇಂಜಿನ್ ನೀರಿನಲ್ಲಿದ್ದಾಗ ಚಾಲೂ ಮಾಡಬಾರದು, ಸಿಲಿಂಡರಿನೊಳಗೆ ನೀರು ಹೊಕ್ಕಿದ್ದರೆ ಅದು ಗಾಳಿಯ ಹಾಗೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗಿ ಇಂಜಿನ್ನೇ ಹೋಗುತ್ತದೆ ಎಂದು ನೀನು ನನಗೆ ಎಷ್ಟು ಸಲ ಹೇಳಿದ್ದೀಯ. ಆ ಕ್ಷಣಕ್ಕೆ ಅದೆಲ್ಲ ನೆನಪಾಯಿತು. ನೆನಪಾಗುತ್ತಿರುವಾಗಲೇ ಕೈ ಕೀಲಿಯನ್ನು ತಿರುಗಿಸಿಬಿಟ್ಟಿತ್ತು. ಎರಡನೆಯ ಸಲ ತಿರುಗಿಸಿದ್ದು ಮಾತ್ರ ಗಾಬರಿಯಿಂದಲ್ಲ, ಹಿಂದೆ ಕೂತ ಹುಡುಗನಿಗೆ ನನಗೆ ಏನೋ ಗೊತ್ತಿದೆ ಎಂದು ತೋರಿಸಲಿಕ್ಕೆ. ಅಷ್ಟರಲ್ಲಿ ಎದುರಿನಿಂದ ಬಂದ ಲಾರಿಯ ಸರ್ದಾರ್ಜಿ ನೀರಿಗಿಳಿದು ಬಂದು, ಕಿಟಕಿಯಿಂದ ಕೈ ಹಾಕಿ ಕೀಲಿಯನ್ನು ಕಿತ್ತುಕೊಂಡು ತನ್ನ ಜೇಬಿಗೆ ಹಾಕಿಕೊಂಡರು. ಒಂದು ಬೈಗುಳವನ್ನೂ ಆಡಲಿಲ್ಲ, ಅದೇ ಹೆಚ್ಚು ನಾಚಿಕೆಯಾಯಿತು. ಹಗ್ಗ ಕಟ್ಟಿ ಎಳೆಸಿ, ಏರ್ ಫಿಲ್ಟರ್ ತೆಗೆದು ಒಣಗಿದೆಯೆಂದು ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಕೀಲಿಯನ್ನು ಭಾವಮೈದುನನ ಕೈಗೆ ಕೊಟ್ಟರು. ನನ್ನ ಕೈಗಲ್ಲ.

ಬಾರಾಲಾಚಾ ಲಾ ಘಾಟಿ ದಾಟುವಾಗ ಕತ್ತಲಾಗಿತ್ತು. 4,890 ಮೀಟರಿನಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ನಮ್ಮ ಟ್ಯಾಗೋರ್ ಕಡಲತೀರದ ಒತ್ತಡದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಅದರಿಂದಾಗಿ ಡಿಕ್ಕಿಯಲ್ಲಿದ್ದ ಬಾಳೆಕಾಯಿ ಚಿಪ್ಸಿನ ಪ್ಯಾಕೆಟ್ಟುಗಳು ಬಲೂನಿನಂತೆ ಬಿಗಿದುಕೊಂಡಿದ್ದವು. ನಿನ್ನ ಆಯಿ ಕೊಟ್ಟ ಅಪ್ಪೆಮಿಡಿಯ ಗಾಜಿನ ಬಾಟಲಿಯೂ ಒಳಗೊಳಗೇ ಬಿಗಿದುಕೊಂಡಿದೆಯೆಂದು ನಮಗೆ ಹೊಳೆಯಲಿಲ್ಲ. ರಾತ್ರಿ ತಂಗಿದ ಸರ್ಚುವಿನ ಡೇರೆಯ ಹೊರಗೆ, ಕಾರಿನೊಳಗೇ ಕೂತು, ಊಟಕ್ಕೆಂದು ಅದರ ಮುಚ್ಚಳ ಸಡಿಲಿಸಿದ್ದೇ ತಡ, ಬುಸ್ ಎಂದು ಉಪ್ಪಿನಕಾಯಿಯ ರಸ ಮಾಡಿಗೆ ಚಿಮ್ಮಿ, ಅಲ್ಲಿಂದ ಭಾವಮೈದುನನ ಹೊಸ ಜಾಕೆಟ್ಟಿನ ಮೇಲೆ ತೊಟ್ಟಿಕ್ಕಿತು. ಜೀರಿಗೆ ಮಾವಿನ ಘಮ ಆ ಬೋಳು ಬೆಟ್ಟದ ನಡುವೆ ಎದ್ದಾಗ, ಒಪ್ಪಿಕೊಳ್ಳುತ್ತೇನೆ, ಕಣ್ಣು ಒದ್ದೆಯಾಯಿತು. ಖಾರದ ರಸ ಬಿದ್ದದ್ದರಿಂದ ಎಂದು ಎಲ್ಲರಿಗೂ ಹೇಳಿದೆ. ಡೇರೆಯವರು ಕುಕ್ಕರಿನಲ್ಲಿ ಬೇಯಿಸಿದ ಅನ್ನ ಕೊಟ್ಟರು. ನೀರು ಅಲ್ಲಿ 86 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುವುದರಿಂದ, ಕುಕ್ಕರ್ ಇಲ್ಲದಿದ್ದರೆ ಅಕ್ಕಿ ಅಕ್ಕಿಯಾಗಿಯೇ ಉಳಿಯುತ್ತದಂತೆ.

ಇಲ್ಲಿಯವರೆಗಿನದನ್ನು ನಾನು ಕಾರವಾರದಲ್ಲಿ ಚಹಾದ ಜೊತೆಗೆ ಹತ್ತು ಕಡೆ ಹೇಳಿ ನಗಿಸಿದ್ದೇನೆ. ಇದರ ಮುಂದಿನದನ್ನು ಯಾರಿಗೂ ಹೇಳಿಲ್ಲ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ವೈದ್ಯರು ಹೇಳುವ ಲೆಕ್ಕ. ಮನಾಲಿ ಸುಮಾರು 2,050 ಮೀಟರ್, ಸರ್ಚು ಸುಮಾರು 4,290. ನಾವು ಅದನ್ನು ಒಂದೇ ಹಗಲಿನಲ್ಲಿ ಏರಿದ್ದೆವು. ನಿನ್ನ ಹಾಸ್ಟೆಲ್ ನೋಟುಬುಕ್ಕಿನಲ್ಲಿ, ದಾರಿಯಲ್ಲಿ ಸರ್ಚುವಿಗಿಂತ ಕೆಳಗಿರುವ ಜಿಸ್ಪಾದಲ್ಲಿ ಎರಡು ರಾತ್ರಿ ಎಂದು ಬರೆದಿತ್ತು. ರಜೆ ಉಳಿಸಲೆಂದು ಆ ಎರಡು ರಾತ್ರಿಗಳನ್ನು ಹೊಡೆದುಹಾಕಿದವನು ನಾನು. ಊಟವಾಗಿ ಒಂದು ತಾಸಿಗೆ ನನ್ನ ತಲೆಯೊಳಗೆ ಯಾರೋ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯಲು ಕೂತಂತಾಯಿತು. ನಾನು ಬಾಯಿ ಬಿಡಲಿಲ್ಲ. ಹುಡುಗ ಎರಡು ಸಲ ವಾಂತಿ ಮಾಡಿದ. ಇದೆಲ್ಲ ಎಲ್ಲರಿಗೂ ಆಗುವುದೇ, ಮಲಗು ಎಂದೆ. ನಡುರಾತ್ರಿ ಅವನು ಹೊರಗೆ ಹೋಗಲು ಎದ್ದವನು ಡೇರೆಯ ಬಾಗಿಲಿನಲ್ಲಿ ಕುಡಿದವನಂತೆ ವಾಲಿದ, ಸಾವರಿಸಿಕೊಂಡ, ಮತ್ತೆ ವಾಲಿದ. ಎತ್ತರದಲ್ಲಿ ಕಾಲು ತಪ್ಪಿದರೆ ಅದು ಮಿದುಳಿಗೆ ನೀರು ತುಂಬುತ್ತಿರುವ ಲಕ್ಷಣವಾಗಿರಬಹುದು, ತಡಮಾಡದೆ ಕೆಳಗಿಳಿಯಬೇಕು ಎಂದು ಹೊರಡುವ ಮೊದಲೇ ಓದಿದ್ದೆ. ಓದಿದ್ದು ನೆನಪಿತ್ತು. ಆದರೂ ಭಾವಮೈದುನ ಗಾಬರಿಯಿಂದ ಕೇಳಿದಾಗ, ಕತ್ತಲಲ್ಲಿ ಹಗ್ಗ ಎಡವಿರಬೇಕು ಎಂದೆ. ಏಕೆಂದರೆ ಹಿಂದಿರುಗುವುದೆಂದರೆ ನಾನು ಹಾಕಿದ ಯೋಜನೆ ತಪ್ಪೆಂದು ಅವರಿಬ್ಬರೆದುರು ಒಪ್ಪಿಕೊಳ್ಳಬೇಕಿತ್ತು.

ಸರ್ಚುವಿನ ಇನ್ನೊಂದು ಗುಣ ಕೇಳು. ಅದು ಎರಡು ಘಾಟಿಗಳ ನಡುವಿನ ಬೋಗುಣಿ. ದಕ್ಷಿಣಕ್ಕೆ ಇಳಿಯಬೇಕೆಂದರೂ ಮೊದಲು ಬಾರಾಲಾಚಾ ಏರಬೇಕು, ಉತ್ತರಕ್ಕೆ ಹೋದರೆ ಗಾಟಾ ಲೂಪ್ಸಿನ 21 ತಿರುವುಗಳನ್ನೂ ಮತ್ತೆರಡು ಘಾಟಿಗಳನ್ನೂ ಹತ್ತಬೇಕು. ಫೋನಿಗೆ ಸಿಗ್ನಲ್ ಇಲ್ಲ. ನಾನು ಸಿಗ್ನಲ್ ಇಲ್ಲದ ಫೋನಿನಲ್ಲಿ ನಿನ್ನ ನಂಬರು ತೆಗೆದು ನೋಡುತ್ತ ಕೂತಿದ್ದೆ. ಕೊನೆಗೆ ಎದ್ದು ಬಂದವರು ಡೇರೆಯ ಯಜಮಾನರು. ಹುಡುಗನನ್ನು ಟಾರ್ಚಿನ ಬೆಳಕಿನಲ್ಲಿ ನಾಲ್ಕು ಹೆಜ್ಜೆ ನಡೆಸಿ ನೋಡಿ, ಆಮ್ಲಜನಕದ ಸಿಲಿಂಡರ್ ತಂದು ಮುಖವಾಡ ಹಾಕಿ, ತಮ್ಮ ಜೀಪಿನಲ್ಲೇ ಆ ಹೊತ್ತಿನಲ್ಲಿ ಬಾರಾಲಾಚಾ ಹತ್ತಿಸಿ ಇಳಿಸಿ, ಬೆಳಗಾಗುವಷ್ಟರಲ್ಲಿ ಜಿಸ್ಪಾ ಮುಟ್ಟಿಸಿದರು. ಹೊಟೆಲಿನ ಅಂಗಳದಲ್ಲಿ ಹುಡುಗ ಆಮ್ಲೆಟ್ ಕೇಳಿದಾಗ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತೆ.

ಈಗ ಇನ್ನೊಂದು. ಸೆಪ್ಟೆಂಬರಿನಲ್ಲಿ ಹೋಗೋಣ, ಚೌತಿ ಮುಗಿದಿರುತ್ತದೆ, ಮದ್ದು ಮುಗಿದಿರುತ್ತದೆ, ಅಡಿಕೆ ಕೊನೆ ಕೊಯ್ಲಿಗೆ ಇನ್ನೂ ಹೊತ್ತಿರುತ್ತದೆ, ಅಲ್ಲಿಯ ಹಳ್ಳಗಳಲ್ಲೂ ನೀರು ಇಳಿದಿರುತ್ತದೆ ಎಂದು ನೀನು ಜನವರಿಯಲ್ಲೇ ಹೇಳಿದ್ದೆ. ಭಾವಮೈದುನನಿಗೆ ಜುಲೈ ಬಿಟ್ಟರೆ ರಜೆ ಇಲ್ಲವೆಂದು ನಾನು ನಿನಗೆ ಹೇಳಿದೆ. ಅವನಿಗೆ ಯಾವ ತಿಂಗಳಾದರೂ ನಡೆಯುತ್ತಿತ್ತು. ಜುಲೈಯಲ್ಲಿ ಎರಡನೇ ಮದ್ದು ಬಿಟ್ಟು, ಮರ ಹತ್ತುವ ಕೊನೆಗೌಡನ ದಾರಿ ಕಾಯುವುದು ಬಿಟ್ಟು, ನೀನು ಹೊರಡಲಾರೆ ಎಂದು ಗೊತ್ತಿದ್ದೇ ಆ ತಿಂಗಳನ್ನು ಹಿಡಿದೆ. ಇಪ್ಪತ್ತೈದು ವರ್ಷಗಳಿಂದ ನಿನ್ನ ಪಕ್ಕದ ಸೀಟಿನಲ್ಲಿ ಕೂತವನಿಗೆ ಒಮ್ಮೆ ತಾನೇ ಗಾಡಿ ನಡೆಸಬೇಕೆನಿಸಿತ್ತು, ಅಷ್ಟೇ. ನಿನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ಹೇಳುವುದು ಸುಲಭವಾಗುತ್ತಿತ್ತು. ಇಷ್ಟೆಲ್ಲ ಬರೆಯುವ ಉದ್ದೇಶ ನನಗಿರಲಿಲ್ಲ. ಕೀಲಿಯ ಸುಳ್ಳೊಂದನ್ನು ತಿದ್ದಿ ಮುಗಿಸೋಣವೆಂದು ಕೂತಿದ್ದೆ.

ಇರಲಿ. ಮುಂದಿನ ಪ್ರಯಾಣದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಜಿಸ್ಪಾದಲ್ಲಿ ಎರಡು ರಾತ್ರಿ ಮಲಗಿದೆವು. ಹುಡುಗ ಅಲ್ಲಿಂದಲೇ ಮನಾಲಿಯ ಬಸ್ಸು ಹಿಡಿದು ಮನೆಗೆ ಹೋದ. ಡೇರೆಯವರ ಜೀಪಿನಲ್ಲೇ ಸರ್ಚುವಿಗೆ ಮರಳುವಾಗ ಅದೇ ಹಳ್ಳವನ್ನು ಬೆಳಿಗ್ಗೆ ಆರಕ್ಕೆ ದಾಟಿದೆವು, ಅದು ನಿಮ್ಮ ತೋಟದ ಕಾಲುವೆಯಷ್ಟೂ ಇರಲಿಲ್ಲ. ಗಾಟಾ ಲೂಪ್ಸಿನ ಒಂದು ತಿರುವಿನಲ್ಲಿ, ಹಿಮದಲ್ಲಿ ಸಿಕ್ಕಿ ಬಾಯಾರಿ ಸತ್ತನೆಂದು ಹೇಳುವ ಲಾರಿ ಕ್ಲೀನರನ ಗುಡಿಗೆ ದಾರಿಹೋಕರು ನೀರಿನ ಬಾಟಲಿ ಇಟ್ಟುಹೋಗುತ್ತಾರೆ. ನಮ್ಮ ದೇವಿಮನೆ ಘಟ್ಟದಲ್ಲಿ ಗಾಡಿ ನಿಲ್ಲಿಸಿ ಕೈಮುಗಿಯುವ ಅಭ್ಯಾಸದಿಂದ ಅಲ್ಲಿಯೂ ನಿಂತು ಒಂದು ಬಾಟಲಿ ಇಟ್ಟೆವು. ಲೇಹ್ ಆಚೆಯ ಖರ್ದುಂಗ್ ಲಾ ಘಾಟಿಯಲ್ಲಿ 18,380 ಅಡಿ ಎಂಬ ಫಲಕದ ಮುಂದೆ ಸಾಲು ಹಚ್ಚಿ ನಾನು ಎದೆಯುಬ್ಬಿಸಿ ನಿಂತ ಫೋಟೊ ಇದೆಯಲ್ಲ, ಅಳತೆ ಮಾಡಿದವರ ಪ್ರಕಾರ ಆ ಜಾಗ 17,582 ಅಡಿ. ಎಂಟುನೂರು ಅಡಿ ಸೇರಿಸಿ ಬರೆದ ಫಲಕ, ಅದರ ಮುಂದೆ ನಾನು: ಜೋಡಿ ಚೆನ್ನಾಗಿ ಒಪ್ಪಿತ್ತು ಎಂದು ಈಗ ನೋಡಿದರೆ ಅನಿಸುತ್ತದೆ.

ಕಾರಿನ ಮಾಡಿನ ಮೇಲೆ ಅಪ್ಪೆಮಿಡಿಯ ಕಲೆ ಹಾಗೇ ಇದೆ. ಮೂರು ಸಲ ತೊಳೆಸಿದರೂ ಹೋಗಿಲ್ಲ. ಮಳೆಗಾಲದಲ್ಲಿ ಕಿಟಕಿ ಏರಿಸಿ ಕೂತರೆ ಊಟದ ಹೊತ್ತಾಯಿತೇನೋ ಎಂದು ಹೊಟ್ಟೆ ಕೇಳುತ್ತದೆ. ಆಯಿಗೆ ಬಾಟಲಿ ಒಡೆಯಿತು ಎಂದಷ್ಟೇ ಹೇಳು, ಉಳಿದದ್ದು ಬೇಡ. ಆಯಿ ಇಂಥದ್ದನ್ನೆಲ್ಲ ಓದುವುದಿಲ್ಲ ಎನ್ನುವ ಧೈರ್ಯದ ಮೇಲೆ ಇದನ್ನು ಇಲ್ಲಿ ಹಾಕುತ್ತಿದ್ದೇನೆ. ಮುಂದಿನ ಸೆಪ್ಟೆಂಬರಿಗೆ ದಿನ ನೀನೇ ಗೊತ್ತುಮಾಡು. ಹಳ್ಳ ಬಂದಾಗ ಚಪ್ಪಲಿ ಹಿಡಿದು ಪಕ್ಕದಲ್ಲಿ ಕೂರಲು ನಾನು ಸಿದ್ಧನಿದ್ದೇನೆ. ಬರಲು ಮನಸ್ಸಿಲ್ಲದಿದ್ದರೆ ಹೇಳಿಬಿಡು. ಛತ್ರಿಯನ್ನು ಮಾತ್ರ ವಾಪಸು ಕೇಳಬೇಡ.

ಇಂತು ನಿನ್ನ,
ಪಕ್ಕದ ಸೀಟಿನವನು